ಮಲ್ಕಮ್ಮ ಕೊಟ್ಟ ಆಹ್ವಾನ

ಕಲಬುರಗಿಯಲ್ಲಿ ಮೂರು ದಿನ ಶರಣ ಸಮ್ಮೇಳನ ನಡೆಯುವ ಸುದ್ದಿಯನ್ನು ಸುಷ್ಮಿತಾ ಫೋನಿನಲ್ಲಿ ಓದಿ ಹೇಳಿದಾಗ, ಅವಳ ಅತ್ತೆ ಮಲ್ಕಮ್ಮ ಬೇರೆಯವರ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ವಚನ ಹಾಡುವ ಮಾತಾಜಿ ಬರುತ್ತಾರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸೊಂಟ ನೇರ ಮಾಡಿಕೊಂಡು ಎದ್ದು ನಿಂತಳು.

"ನಾ ಹೋಗಾಕಿ."

ಮಲ್ಕಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಆ ಮಾತಾಜಿಯ ಹಾಡನ್ನು ಫೋನಿನಲ್ಲಿ ಮತ್ತೆ ಮತ್ತೆ ಕೇಳಿಯೇ ಅವಳು ವಚನಗಳನ್ನು ಕಲಿತಿದ್ದಳು. ಪ್ರತಿ ಸೋಮವಾರ ಸಂಜೆ ಕಮಲಾಪುರದ ಕಿರಾಣಿ ಅಂಗಡಿಯ ಶಾರದಾಬಾಯಿಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಸೇರಿ ಹಾಡುತ್ತಿದ್ದರು. ಮೊದಲ ದನಿ ಯಾವಾಗಲೂ ಮಲ್ಕಮ್ಮನದೇ.

"ಹೆಸರು ಬರೆಸಿದವರಿಗಷ್ಟೇ ರೂಮು, ಒಳಗ ಕುರ್ಚಿ. ಅದಕ್ಕ ಕೊಡೋ ರೊಕ್ಕದಾಗ ನಮ್ಮ ಮನಿ ತಿಂಗಳ ಸಂತಿ ಆಗತದ ಅತ್ತಿ," ಎಂದಳು ಸುಷ್ಮಿತಾ.

ಸೋಮವಾರ ಪಡಸಾಲೆಯಲ್ಲಿ ಈ ಮಾತು ಬಂದಾಗ ಶಾರದಾಬಾಯಿ ಅಷ್ಟಕ್ಕೆ ಹೆದರಲಿಲ್ಲ. "ಆಧಾರ್ ತೋರಿಸಿದರ ಬಸ್ಸು ಪುಕ್ಕಟೆ. ದಾಸೋಹದಾಗ ಊಟ. ಮಲಗಾಕ ಅಲ್ಲೇ ಖೂಬಾ ಪ್ಲಾಟ್ ಬಡಾವಣ್ಯಾಗ ನಮ್ಮ ತಂಗಿ ಅಂಬಿಕಾ ಅದಾಳ. ಇನ್ನೇನು ಬೇಕು?"

ಹೀಗೆ ಐವರು ಹೆಂಗಸರು ಹೊರಟರು. ಅತ್ತೆಯನ್ನು ತಾನಿಲ್ಲದೆ ಕಳಿಸಲು ಮನಸ್ಸಾಗದೆ ಸುಷ್ಮಿತಾಳೂ ಆ ಐವರಲ್ಲಿ ಒಬ್ಬಳಾದಳು. ಅಂಬಿಕಾಳದು ಎರಡೇ ಕೋಣೆಯ ಬಾಡಿಗೆ ಮನೆ. ಇವರು ಬಾಗಿಲಿಗೆ ಬಂದದ್ದನ್ನು ಕಂಡ ಅವಳ ಗಂಡ ನಗುತ್ತಲೇ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿದ.

ಸಮ್ಮೇಳನ ಇದ್ದದ್ದು ಸೇಡಂ ರಸ್ತೆಯ ಒಂದು ದೊಡ್ಡ ಕಲ್ಯಾಣ ಮಂಟಪದಲ್ಲಿ. ಬಾಗಿಲಲ್ಲಿ ನಿಂತಿದ್ದ ಕಾರ್ಯಕರ್ತರು ಕೊರಳಲ್ಲಿ ಪಾಸ್ ಇಲ್ಲದವರನ್ನೆಲ್ಲ ಹೊರಗಿನ ಪೆಂಡಾಲಿಗೆ ಕಳಿಸುತ್ತಿದ್ದರು. ಪೆಂಡಾಲಿನಲ್ಲಿ ಪರದೆ ಕಟ್ಟಿದ್ದರೂ ಬಿಸಿಲಿಗೆ ಅದರ ಮೇಲೆ ಏನೂ ಕಾಣುತ್ತಿರಲಿಲ್ಲ. ಮಾತಾಜಿ ಹಾಡಲು ತೊಡಗಿದರೆ ಲಾರಿಯ ಹಾರ್ನು ಅರ್ಧ ಸಾಲನ್ನು ನುಂಗುತ್ತಿತ್ತು. ಮಲ್ಕಮ್ಮ ಕಂಬಕ್ಕೆ ಒರಗಿ ಕಿವಿಗೆ ಕೈ ಹಚ್ಚಿ ಕೇಳಿದಳು.

"ಇದನ್ನ ಫೋನಿನಾಗ ಇದಕ್ಕಿಂತ ಚಂದ ಕೇಳತಿದ್ದೆ," ಎಂದಳು.

ಮಧ್ಯಾಹ್ನ ಊಟದ ಸಾಲು ನಿಂತಲ್ಲೇ ನಿಂತಿತು. ಅಂದುಕೊಂಡಿದ್ದಕ್ಕಿಂತ ಜನ ಬಹಳ ಬಂದಿದ್ದರು. ಗೊತ್ತು ಮಾಡಿದ್ದ ರೊಟ್ಟಿ ಬಡಿಯುವ ಹೆಂಗಸರು ಬಂದಿರಲಿಲ್ಲ. ದಾಸೋಹದ ಉಸ್ತುವಾರಿ ಹೊತ್ತ ವಿವೇಕಾನಂದ ಫೋನು ಕಿವಿಗಿಟ್ಟುಕೊಂಡು ಅಡುಗೆ ಮನೆಯಿಂದ ಅಂಗಳಕ್ಕೆ, ಅಂಗಳದಿಂದ ಅಡುಗೆ ಮನೆಗೆ ಓಡಾಡುತ್ತಿದ್ದ. ಮಲ್ಕಮ್ಮ ನೇರ ಅವನೆದುರು ಹೋಗಿ ನಿಂತಳು.

"ಅಣ್ಣಾ, ಹಿಟ್ಟು ಅದನೋ ಇಲ್ಲೋ?"

"ಹಿಟ್ಟು ಬೇಕಾದಷ್ಟು ಅದ ಯವ್ವಾ. ಬಡಿಯೋ ಕೈ ಇಲ್ಲ."

"ನಾವು ಐದು ಮಂದಿ ಅದೀವಿ."

ವಿವೇಕಾನಂದ ಕೈ ಮುಗಿದ. "ದೇವರು ಬಂದಂಗ ಬಂದ್ರಿ. ಕೂಲಿ ಎಷ್ಟು ಹೇಳತೀರೋ ಅಷ್ಟು ಕೊಡಸ್ತೀನಿ."

"ಕೂಲಿ ನಮಗ ಊರಾಗೂ ಸಿಗತದ. ಒಳಗ ಕುಂದರಾಕ ಜಾಗಾ ಬೇಕು. ಮಾತಾಜಿ ಮಾರಿ ಕಾಣೂವಂಗ."

"ಅದು ನನ್ನ ಕೈಯಾಗಿಲ್ರೀ. ಪಾಸ್ ಇದ್ದವರಿಗೆ ಅಷ್ಟೇ."

"ಹಂಗಾರ ರೊಟ್ಟಿನೂ ನಮ್ಮ ಕೈಯಾಗಿಲ್ಲ ಬಿಡ್ರಿ," ಎಂದು ಮಲ್ಕಮ್ಮ ತಿರುಗಿ ನಡೆದೇಬಿಟ್ಟಳು. ಅಂಗಳದಲ್ಲಿ ಯಾರೋ ತಾಟು ಬಡಿದರು. ಅದನ್ನು ಕೇಳಿ ಇನ್ನಷ್ಟು ಜನ ಬಡಿದರು.

"ಯವ್ವಾ, ನಿಲ್ರಿ, ನಿಲ್ರಿ!" ವಿವೇಕಾನಂದ ಓಡಿ ಬಂದು ತನ್ನ ಕೊರಳಿನ ಪಾಸನ್ನೇ ತೆಗೆದು ಅವಳ ಕೊರಳಿಗೆ ಹಾಕಿದ. "ಉಳಿದವರದೂ ಈಗ ತರಸ್ತೀನಿ."

ಐದು ಹೆಂಚು ಕಾದವು. ತಟ್ ತಟ್ ಸದ್ದು ಹೊರಗಿನ ಸಾಲಿಗೂ ಕೇಳಿಸಿತು. ಮನೆ ಮಂದಿಗಷ್ಟೇ ಬಡಿದು ಗೊತ್ತಿದ್ದ ಸುಷ್ಮಿತಾ ಹಟಕ್ಕೆ ಬಿದ್ದವಳಂತೆ ಅತ್ತೆಯ ಸಮಕ್ಕೆ ಬಡಿದಳು. ಸುದ್ದಿ ತಿಳಿದು ಶಹರದ ಹೆಂಗಸರು ಕೆಲವರು ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದು ಹೆಂಚಿನ ಮುಂದೆ ಕುಳಿತರು. ಸಾಲು ಮತ್ತೆ ಸರಿಯಿತು. ಹಸಿದು ಹೊರಟವರು ಒಬ್ಬರೂ ಇರಲಿಲ್ಲ.

ಅಂದು ಸಂಜೆಯ ಪ್ರವಚನಕ್ಕೆ ಐವರೂ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಮರುದಿನವೂ ಹಾಗೆಯೇ ಕಳೆಯಿತು: ಬೆಳಿಗ್ಗೆ ರೊಟ್ಟಿ, ಆಮೇಲೆ ಪ್ರವಚನ. ರಾತ್ರಿ ಮಲಗುವಾಗ ತೋಳು ನೋಯುತ್ತಿದ್ದರೂ ಮಲ್ಕಮ್ಮನ ಮುಖದಲ್ಲಿ ಕಳೆ ಏರುತ್ತಲೇ ಇತ್ತು.

ಕೊನೆಯ ದಿನ ಮಾತಾಜಿ ಒಂದು ವಚನ ಎತ್ತಿಕೊಂಡು, "ಎಲ್ಲಾರೂ ಕೂಡಿ ಹಾಡ್ರಿ," ಎಂದರು. ಮಲ್ಕಮ್ಮ ಕಣ್ಣು ಮುಚ್ಚಿ ಹಾಡಿದಳು. ಸುತ್ತಲಿನ ದನಿಗಳು ಒಂದೊಂದಾಗಿ ನಿಂತದ್ದು ಅವಳಿಗೆ ತಿಳಿಯಲಿಲ್ಲ. ಮಾತಾಜಿಯೂ ಹಾಡು ನಿಲ್ಲಿಸಿದ್ದರು. ಹಾರ್ಮೋನಿಯಂ ಮಾತ್ರ ಅವಳ ದನಿಯ ಹಿಂದೆ ಬರುತ್ತಿತ್ತು. ಕಣ್ಣು ತೆರೆದಾಗ ಇಡೀ ಸಭೆ ತನ್ನತ್ತ ನೋಡುತ್ತಿರುವುದು ಕಂಡು ಅವಳು ತಟ್ಟನೆ ಬಾಯಿ ಮುಚ್ಚಿದಳು.

"ನಿಲ್ಲಸಬ್ಯಾಡ ತಾಯಿ. ಮ್ಯಾಲ ಬಾ," ಎಂದರು ಮಾತಾಜಿ.

"ನಾ ಒಬ್ಬಾಕಿ ಬರಂಗಿಲ್ರೀ. ನಾವು ಐದು ಮಂದಿ."

"ಐದೂ ಮಂದಿ ಬರ್ರಿ!"

ಸೆರಗಿಗೆ ಅಂಟಿದ್ದ ಹಿಟ್ಟು ಝಾಡಿಸುತ್ತ ಐವರೂ ವೇದಿಕೆ ಹತ್ತಿದರು. ಮೊದಲ ಸಾಲಿಗೆ ಶಾರದಾಬಾಯಿಯ ದನಿ ನಡುಗಿತು. ಎರಡನೆಯ ಸಾಲಿಗೆ ಎಲ್ಲ ಸರಿಹೋಯಿತು. ಸೋಮವಾರದ ಪಡಸಾಲೆಯಲ್ಲಿ ಹಾಡಿದಂತೆಯೇ ಹಾಡಿದರು. ಹಾಡು ಮುಗಿಯುವ ಹೊತ್ತಿಗೆ ಸಭೆ ಎದ್ದು ನಿಂತಿತ್ತು. ಹೊರಗಿನ ಪೆಂಡಾಲಿನವರೂ ಬಾಗಿಲಿಗೆ ಬಂದು ನೆರೆದಿದ್ದರು. ಅವರನ್ನು ತಡೆಯಬೇಕಾದ ಕಾರ್ಯಕರ್ತರೇ ಚಪ್ಪಾಳೆ ತಟ್ಟುತ್ತಿದ್ದರು.

ಮಾತಾಜಿ ಮೈಕು ಚಾಚಿ, "ಏನರ ಮಾತಾಡವ್ವ," ಎಂದರು.

ಮಲ್ಕಮ್ಮ ಬಾಗಿಲ ಕಡೆ ನೋಡಿದಳು. "ಮುಂದಿನ ಸಮ್ಮೇಳನ ನಮ್ಮ ಕಮಲಾಪುರದಾಗ ಮಾಡ್ರಿ. ರೊಟ್ಟಿ ನಾವು ಬಡಿತೀವಿ. ಅಲ್ಲಿ ಯಾರನ್ನೂ ಹೊರಗ ನಿಲ್ಲಸಂಗಿಲ್ಲ."

ಶಾರದಾಬಾಯಿ ಹಿಂದಿನಿಂದ ಸೆರಗು ಎಳೆದಳು. ಮಲ್ಕಮ್ಮ ಜಗ್ಗಲಿಲ್ಲ.

"ನಾ ಅಂತೂ ಬರ್ತೀನಿ," ಎಂದು ಮಾತಾಜಿ ಸಭೆಯತ್ತ ತಿರುಗಿದರು. "ನೀವು?"

"ಬರ್ತೀವಿ!" ಎಂಬ ಕೂಗಿಗೆ ಛಾವಣಿಯ ತಗಡು ನಡುಗಿತು. ಸಮಿತಿಯವರು ತಲೆ ಕೂಡಿಸಿ ಮಾತಾಡಿಕೊಂಡರು. ಕೊನೆಗೆ ಅಧ್ಯಕ್ಷರೇ ಎದ್ದು, ಮುಂದಿನ ವರ್ಷ ಕಮಲಾಪುರ ಎಂದು ಸಾರಿದರು.

ಊರಿನ ಬಸ್ಸಿನಲ್ಲಿ ಸುಷ್ಮಿತಾ ನಕ್ಕು ನಕ್ಕು ಸುಸ್ತಾದಳು. "ಅತ್ತಿ, ಅಷ್ಟು ಮಂದೀನ ಎಲ್ಲಿ ಕುಂದರಸ್ತೀರಿ? ಊರಾಗ ಯಾರನ್ನರ ಒಂದು ಮಾತು ಕೇಳೀರೇನು?"

"ಸಂತಿ ಬಯಲು ಅದಲ್ಲ. ಈಗ ಹೋಗಿ ಕೇಳತೀನಿ."

ಕಮಲಾಪುರದಲ್ಲಿ ಇಳಿದವಳೇ ಮಲ್ಕಮ್ಮ ನಿಲ್ದಾಣದ ನಡುವೆ ನಿಂತು ಸುದ್ದಿ ಸಾರಿದಳು. ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದೇ ಹತ್ತಿರ ಬಂದರು. ಕೆಂಪು ಬಾಳೆಯ ಗಾಡಿ ನಿಲ್ಲಿಸಿಕೊಂಡಿದ್ದ ನಬಿಸಾಬ್ ಎಲ್ಲ ಕೇಳಿಸಿಕೊಂಡು, "ಫಿಕರ್ ಮಾಡಬ್ಯಾಡ ಅವ್ವಾ," ಎಂದ. "ಅಷ್ಟೂ ಮಂದಿಗಿ ಹಣ್ಣು ನನ್ನ ಕಡಿಂದ."