ಹನೀಫನ ಕೊನೆಯ ಅಕ್ಷರ

ಬಿದಿರಿನ ಕಲಮು ಕಾಗದದ ಮೇಲೆ ಕಿರ್ರೆಂದದ್ದಕ್ಕೆ ಶೈಮಾಳ ಹಲ್ಲು ಚುಳ್ಳೆಂದಿತು, ತುದಿ ಒಣಗಿದೆ, ಇನ್ನೊಮ್ಮೆ ಮಸಿಗೆ ಅದ್ದಬೇಕು, ಎಂಟು ವರ್ಷ ಕಲಮು ಹಿಡಿಯದ ಕೈ — ಅಲಿಫ್ ಅಕ್ಷರದ ಎತ್ತರ ಏಳು ಚುಕ್ಕೆ ಮಗಳೇ, ಎಂಟಲ್ಲ, ಆರಲ್ಲ, ಎಂದು ಮಣಿಕಟ್ಟು ಹಿಡಿದು ತಿದ್ದುತ್ತಿದ್ದರು ಅಬ್ಬಾ, ಊರಿಗೆಲ್ಲ ಮಜೀದ್ ಸಾಬ್ರು, ಬಾಳೂರಿನ ಸುತ್ತ ಯಾವ ಎಸ್ಟೇಟಿನ ಬೋರ್ಡಾಗಲಿ ಯಾವ ಗೋರಿಯ ಕಲ್ಲಾಗಲಿ ಅವರದೇ ಬರಹ, ಅಂಥವರ ಮಗಳು ಅರಬ್ಬಿ ಅಕ್ಷರಗಳನ್ನು ಎಳೆದು ಹರಿಯಬಿಟ್ಟಳು, ನೂನ್ ಎಂಬ ಅಕ್ಷರದ ಹೊಟ್ಟೆಯೊಳಗೆ ಮಂಜು ತುಂಬಿದಳು, ಒಂದೇ ಹೆಸರನ್ನು ಗೋಡೆಯ ಆ ತುದಿಯಿಂದ ಈ ತುದಿಗೆ ಹಬ್ಬಿಸಿದಳು. ಇದು ಬರಹವಾ, ಬಳ್ಳಿಯಾ? ಎಂದು ರೇಗುತ್ತಿದ್ದರು ಅಬ್ಬಾ. ಓದೋಕೆ ಬರ್ಬೇಕಲ್ಲ ಮಾರಾಯ್ತಿ, ಅಕ್ಷರಕ್ಕೂ ಒಂದು ಅಳತೆ ಉಂಟು. ಆಗೆಲ್ಲ ಪಕ್ಕದಲ್ಲಿ ನಿಂತು ನಗುತ್ತಿದ್ದವನು ತಮ್ಮ ಹನೀಫ್, ಕಳಸದ ದಾರಿಯ ಜೀಪಿನ ಡ್ರೈವರು, ಆಪಾ, ನಂಗಂತೂ ಓದೋಕೆ ಬರಲ್ಲ, ನೋಡೋಕೆ ಬರ್ತದೆ, ಚೆಂದ ಉಂಟು.

ಚೆಂದ ಉಂಟು ಎಂದವನನ್ನೇ ಅಲ್ಲವೆ ಅವಳು ಕಳಿಸಿದ್ದು, ತೊಂಬತ್ತೇಳರ ಜುಲೈ, ಚಿಕ್ಕಮಗಳೂರಲ್ಲಿ ಅವಳ ಚಿತ್ರಗಳ ಮೊದಲ ಪ್ರದರ್ಶನಕ್ಕೆ ನಾಲ್ಕೇ ದಿನ, ದೊಡ್ಡ ಕಾಗದ ಮುಗಿದಿತ್ತು, ಮೂಡಿಗೆರೆಯ ಅಂಗಡಿಗೆ ಬಂದಿದೆಯಂತೆ, ತಂದುಕೊಡೋ. ಈ ಮಳೇಲಾ ಆಪಾ? ನಾಳೆ ಹೋದ್ರಾಗಲ್ವಾ? ಆಗಲ್ಲ, ಇವತ್ತೇ ಬೇಕು — ಇವತ್ತೇ, ಇವತ್ತೇ, ಆ ಮಾತನ್ನು ನಾಲಗೆಯಿಂದ ಕಿತ್ತು ಬಿಸಾಡುವ ಹಾಗಿದ್ದರೆ. ವಾಪಸ್ ಬರುವಾಗ ಹಳ್ಳ ಸೇತುವೆ ಹತ್ತಿತ್ತು. ಜೀಪು ಮೂರನೇ ದಿನ ಸಿಕ್ಕಿತು, ಸೀಟಿನಡಿ ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿದ್ದ ಕಾಗದದ ಸುರುಳಿಯೂ ಸಿಕ್ಕಿತು, ಅಂಚಷ್ಟೇ ನೆನೆದಿತ್ತು, ಎಷ್ಟು ಜೋಪಾನವಾಗಿ ಕಟ್ಟಿದ್ದನೋ, ಅವನು ಮಾತ್ರ ಸಿಗಲಿಲ್ಲ. ಮಯ್ಯತ್ತೇ, ಹೆಣವೇ ಇಲ್ಲದೆ ಗೋರಿ ಎಲ್ಲಿ, ಗೋರಿಯಿಲ್ಲದೆ ಕಲ್ಲು ಎಲ್ಲಿ. ಅಬ್ಬಾ ಅವಳಿಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಅವಳ ಕಲಮುಗಳನ್ನೂ ಆ ಸುರುಳಿಯನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದರು, ಅವಳು ಕೇಳಲೂ ಇಲ್ಲ, ಎಂಟು ವರ್ಷ ಎದುರುಬದುರು ಕೂತು ಮುಖ ನೋಡದೆ ಉಂಡೆದ್ದರು.

ಮೊನ್ನೆ, ಅಬ್ಬಾ ತೀರಿಕೊಂಡ ನಲವತ್ತನೇ ದಿನ ಮುಗಿದ ಮೇಲೆ ಅಮ್ಮಿ ಆ ಬೀಗ ತೆಗೆದರು. ಸುರುಳಿ ಬಿಡಿಸಿದರೆ ಹಾಳೆ ಹಾಳೆಯ ಮೇಲೂ ಹನೀಫ್, ಕೈ ಅಬ್ಬಾನದೇ, ಅಳತೆ ಅಬ್ಬಾನದಲ್ಲ, ಅವಳ ಹಾಗೇ ಎಳೆದ ಅಕ್ಷರಗಳು, ಬಲದಿಂದ ಹೇ, ನೂನ್, ಯೇ, ಆಮೇಲೆ ಎಡದಂಚಿನ ತನಕ ನಡುಗುತ್ತ ಹೋದ ಗೆರೆ — ಕೊನೆಯ ಫೇ ಇಲ್ಲ, ಒಂದರಲ್ಲೂ ಇಲ್ಲ. ಯಾವಾಗ ಬರೆದರು, ಅವಳು ಹೊಲಿಗೆಗೆ ಹೋದ ಹಗಲುಗಳಲ್ಲೇ? ಆ ಮೌನವನ್ನು ಸಿಟ್ಟು ಅಂದುಕೊಂಡಿದ್ದಳಲ್ಲ, ಮುದುಕ ಒಂದು ಅಕ್ಷರ ಬರೆಯಲಾರದೆ ಒಳಗೇ ಒದ್ದಾಡುತ್ತಿದ್ದನಲ್ಲ, ಅಬ್ಬಾ, ಒಂದು ಸಲ ಕರೆದು ತೋರಿಸಬಾರದಿತ್ತೇ. ನೀನಾದ್ರೂ ಮುಗಿಸು ಮಗಳೇ, ಅಂದರು ಅಮ್ಮಿ, ಪೂರ್ತಿ ಹೆಸರು ಬರೆದುಕೊಡು, ನಿಮ್ಮಬ್ಬಾನ ಪಕ್ಕ ಒಂದು ಕಲ್ಲು ನಿಲ್ಲಿಸ್ತೀನಿ, ಹೆಸರಿಗಾದ್ರೂ ಅವ್ನು ನಮ್ಮೂರಲ್ಲಿ ಇರ್ಲಿ.

ಕೊನೆಯ ಹಾಳೆಯ ಎಡಕ್ಕೆ ಖಾಲಿ ಹಾಳೆ ಜೋಡಿಸಿದ್ದಾಗಿದೆ, ಮಸಿ ತುಂಬಿಕೊಂಡ ಕಲಮು ಅಬ್ಬಾ ನಿಲ್ಲಿಸಿದಲ್ಲಿಂದ ಹೊರಟಿದೆ, ಒಂದು ಸುಳಿ, ಮೇಲೊಂದು ಚುಕ್ಕೆ, ಅಷ್ಟೇ, ಫೇ ಮುಗಿಯಿತು, ಫೇ ಮುಗಿದರೆ ಹನೀಫನೂ — ಓದು ಬಾರದ ಅಮ್ಮಿಯ ಬೆರಳು ಪಕ್ಕದಲ್ಲೇ ತೆವಳುತ್ತಿದೆ, ಬಂತಾ ಕೊನೇ ಅಕ್ಷರ? ಇನ್ನೂ ಇಲ್ಲ ಅಮ್ಮಿ. ಇಲ್ಲಿ ತಿರುಗಿಸಬೇಕು, ಇಲ್ಲೇ, ಬೇಡ, ಇನ್ನೊಂದು ಗೇಣು, ಹಾಳೆಯೂ ತೀರಿ ಕಲಮು ಮೇಜಿನ ಹಲಗೆಗೆ ಇಳಿಯಿತು, ಈಗ ಬಂತಾ ಮಗಳೇ? ಇಲ್ಲ ಅಮ್ಮಿ, ಇಲ್ಲ — ಗೆರೆ, ಕಪ್ಪು ಗೆರೆ, ಒದ್ದೆ ಗೆರೆ, ಇನ್ನೂ ಒದ್ದೆ —