ಟೇಪಮ್ಮನ ಸ್ವಂತ ಮಾತು

ಶಾಲೆಯಲ್ಲಿ ಅವಳನ್ನು ಎಲ್ಲರೂ ಟೇಪಮ್ಮ ಎಂದೇ ಕರೆಯುತ್ತಿದ್ದರು. ಪಾಠದ ಹೆಸರು ಹೇಳಿದರೆ ಸಾಕು, ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ ಹಾಗೆ ಗಡಗಡನೆ ಒಪ್ಪಿಸಿಬಿಡುತ್ತಿದ್ದಳು. ಈ ಒಂದು ವಿದ್ಯೆಯನ್ನೇ ನಂಬಿಕೊಂಡು ಕೊನೆಯ ತರಗತಿಯವರೆಗೂ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಅಂಥವಳಿಗೆ ಕಾಲೇಜಿನವರು, ಪದವಿ ಪಾಠ ಶುರುವಾಗುವ ಮೊದಲು ಒಂದು ತಿಂಗಳ ತಯಾರಿ ತರಗತಿಗೆ ಬರಬೇಕು, ಅದರ ಪರೀಕ್ಷೆ ಪಾಸಾದರೆ ಮಾತ್ರ ಸೀಟು ಖಾಯಂ ಎಂದಾಗ ನಕ್ಕುಬಿಟ್ಟಿದ್ದಳು. ಪಾಪ, ಆ ನಗು ಒಂದು ವಾರವೂ ಬಾಳಲಿಲ್ಲ.

ತಯಾರಿ ತರಗತಿಯ ಮೇಡಂ ಒಂದು ಲೇಖನ ಓದಿಸಿ, ಇದರ ಬಗ್ಗೆ ಒಂದು ಪುಟ ಬರೆಯಿರಿ ಎಂದರು. ಟೇಪಮ್ಮ ಲೇಖನದ ಮೊದಲ ಪುಟವನ್ನು ಇದ್ದದ್ದು ಇದ್ದ ಹಾಗೆ ಇಳಿಸಿದಳು. ಒಂದು ಅಲ್ಪವಿರಾಮವೂ ಆಚೀಚೆ ಆಗಿರಲಿಲ್ಲ. ಸಿಕ್ಕಿದ್ದು ಸೊನ್ನೆ. ಹುಟ್ಟಿದಾಗಿನಿಂದ ಸೊನ್ನೆಯ ಮುಖ ನೋಡದ ಹುಡುಗಿ ಹಾಳೆ ಹಿಡಿದುಕೊಂಡು ನೇರ ಸ್ಟಾಫ್ ರೂಮಿಗೆ ಹೋದಳು.

“ಏನ್ ತಪ್ಪಾಗಿದೆ ಮೇಡಂ?”

“ತಪ್ಪೇನೂ ಇಲ್ಲಮ್ಮ, ಬರೆದೋರು ಸರಿಯಾಗೇ ಬರೆದಿದ್ದಾರೆ. ನೀನೇನ್ ಹೇಳ್ತೀಯ ಅನ್ನೋದು ಎಲ್ಲಿದೆ? ಸ್ವಂತ ಮಾತಲ್ಲಿ ಬರ್ಕೊಂಡ್ ಬಾ.”

ಟೇಪಮ್ಮ ಹಾಳೆಯನ್ನು ಮೇಡಂ ಕಡೆಗೆ ಸರಿಸಿದಳು. “ನನ್ನ ಸ್ವಂತ ಮಾತು ಹೇಗಿರ್ಬೇಕು ಅಂತ ನೀವೇ ಒಂದ್ಸಲ ಬರ್ಕೊಟ್ರೆ ಬಾಯಿಪಾಠ ಮಾಡ್ಕೋತೀನಿ.”

ಅವಳು ತಮಾಷೆಗೆ ಹೇಳಿದ್ದಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಮೇಡಂ ಬಂದ ನಗುವನ್ನು ನುಂಗಿಕೊಂಡು ಎದುರಿನ ಕುರ್ಚಿ ತೋರಿಸಿದರು.

“ಮನೇಲಿ ಯಾರ ಜೊತೆಗಾದ್ರೂ ಜಗಳ ಆಡ್ತೀಯ?”

“ಅಜ್ಜಿ ಜೊತೆ. ದಿನಾ.”

“ಅವರಿಗೆ ಕೊಡೋ ಉತ್ತರಾನ ಬಾಯಿಪಾಠ ಮಾಡ್ಕೊಂಡ್ ಹೋಗ್ತೀಯ?”

“ಅಷ್ಟು ಪುರುಸೊತ್ತು ಎಲ್ಲಿ ಕೊಡ್ತಾರೆ ಅವ್ರು?”

“ಹಾಗಾದ್ರೆ ಪುಸ್ತಕಾನೂ ನಿಮ್ಮಜ್ಜಿ ಅಂದ್ಕೊ.”

ಹೇಳುವುದು ಸುಲಭ. ಅಜ್ಜಿ ಮೈಮೇಲೆ ಬಿದ್ದು ಜಗಳಕ್ಕೆ ಬರುತ್ತಿದ್ದರು, ಪುಸ್ತಕ ತೆಪ್ಪಗೆ ಬಿದ್ದಿರುತ್ತಿತ್ತು. ಅದೂ ಅಚ್ಚಾದ ಮಾತು. ಅಚ್ಚು ಹಾಕಿಸಿದವರಿಗೆ ತನಗಿಂತ ಹೆಚ್ಚು ಗೊತ್ತಿರಬೇಡವೇ ಎಂದು ಅವಳ ಕೈ ಹಿಂದೆಗೆಯುತ್ತಿತ್ತು. ಸೊನ್ನೆ ಹೋಗಿ ಎರಡು ಬಂತು, ಎರಡು ಹೋಗಿ ಮೂರು ಬಂತು. ಸೀಟು ಕೈತಪ್ಪುತ್ತದೆ ಎಂಬ ಭಯ ಅವಳ ಊಟದ ತಟ್ಟೆಯ ಮುಂದೆಯೂ ಬಂದು ಕೂರುತ್ತಿತ್ತು. ಪರೀಕ್ಷೆಯ ಹಿಂದಿನ ಸಂಜೆ ಓದಲು ಗಾಳಿ ಬೇಕೆಂದು ಕಿಟಕಿ ತೆಗೆದಳು. ಅಜ್ಜಿ ರಪ್ಪನೆ ಮುಚ್ಚಿದರು.

“ಮೂರನೇ ಕ್ಲಾಸಲ್ಲಿದ್ದಾಗ್ಲೂ ಹೀಗೇ ತೆಗೆದಿಟ್ಟು ನನಗೆ ನೆಗಡಿ ತರಿಸಿದ್ದೆ. ಅವತ್ತು ನೀಲಿ ಫ್ರಾಕ್ ಹಾಕಿದ್ದೆ. ‘ಇನ್ಮೇಲೆ ತೆಗೆಯಲ್ಲ ಅಜ್ಜಿ’ ಅಂದಿದ್ದೆ. ಅಂದಿದ್ದೆಯೋ ಇಲ್ವೋ?”

ಟೇಪಮ್ಮ ಪುಸ್ತಕ ಎತ್ತಿಕೊಂಡು ಜಗಲಿಗೆ ನಡೆದಳು. ಆ ಮನೆಯಲ್ಲಿ ಅಜ್ಜಿಯ ಎದುರು ಗೆದ್ದವರೇ ಇರಲಿಲ್ಲ.

ಮರುದಿನ ಪ್ರಶ್ನೆಪತ್ರಿಕೆಯಲ್ಲಿ ಒಂದು ಲೇಖನದ ತುಣುಕಿತ್ತು. ನೆನಪಿನ ಶಕ್ತಿ ಹೆಚ್ಚಿರುವವರಿಗೆ ಯೋಚನಾಶಕ್ತಿ ಕಡಿಮೆ ಎಂದು ಲೇಖಕರು ಠಸ್ಸೆ ಒತ್ತಿದಂತೆ ಹೇಳಿಬಿಟ್ಟಿದ್ದರು. ಕೆಳಗೆ ಪ್ರಶ್ನೆ: ನೀವು ಒಪ್ಪುತ್ತೀರಾ? ಏಕೆ?

ಟೇಪಮ್ಮನ ಮೈಯೆಲ್ಲ ಉರಿದುಹೋಯಿತು. ತನಗೆ ಅಂದದ್ದನ್ನಾದರೂ ಸಹಿಸಿಕೊಂಡಾಳು, ಇದು ಅಜ್ಜಿಗೂ ತಗಲುವ ಮಾತು. ಅಚ್ಚು ಗಿಚ್ಚು ಎಲ್ಲ ಮರೆತು ಪೆನ್ನು ಎತ್ತಿಕೊಂಡಳು. “ಒಪ್ಪುವುದಿಲ್ಲ. ಎದುರಿನವರು ಹಿಂದೆ ಏನು ಹೇಳಿದ್ದರು ಎಂಬುದು ನೆನಪಿದ್ದರೆ ತಾನೇ ಇಂದು ಅವರ ಮಾತಿನಲ್ಲಿ ಹುಳುಕು ಹಿಡಿಯಲು ಸಾಧ್ಯ? ನೆನಪಿಲ್ಲದವರು ಜಗಳವನ್ನೂ ನೆಟ್ಟಗೆ ಆಡಲಾರರು. ಇದಕ್ಕೆ ನಮ್ಮ ಅಜ್ಜಿಯೇ ಸಾಕ್ಷಿ.” ಅಲ್ಲಿಂದ ನೀಲಿ ಫ್ರಾಕು, ನೆಗಡಿ, ಕಿಟಕಿ ಎಲ್ಲವೂ ಬಂದವು. ಗಂಟೆ ಹೊಡೆದಾಗಲೂ ಬರೆಯುತ್ತಲೇ ಇದ್ದಳು.

ಫಲಿತಾಂಶ ಬಂದಾಗ ಪಾಸಾಗಿದ್ದಳು, ಅದೂ ಕೂದಲೆಳೆಯ ಅಂತರದಲ್ಲಿ. ಉತ್ತರದ ಹಾಳೆಯ ಅಂಚಿನಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: “ಅಜ್ಜಿ ಒಬ್ಬರೇ ಸಾಕ್ಷಿಯಾದರೆ ಸಾಲದು.”

ಸೀಟು ಉಳಿದ ಸಂತೋಷಕ್ಕೆ ಅವಳು ಕುಣಿಯಬೇಕಿತ್ತು. ಬದಲಿಗೆ ಹಾಳೆ ಹಿಡಿದುಕೊಂಡು ಮತ್ತೆ ಸ್ಟಾಫ್ ರೂಮಿಗೆ ನುಗ್ಗಿದಳು.

“ಅಜ್ಜಿ ಒಬ್ರೇ ಸಾಕು ಮೇಡಂ. ನೀವು ನಮ್ಮಜ್ಜೀನ ನೋಡಿಲ್ಲ, ಅದಕ್ಕೇ ಹೀಗೆ ಬರೆದಿದ್ದೀರ.”

“ನಾನು ಒಪ್ಪಲ್ಲ,” ಎಂದರು ಮೇಡಂ, ಕನ್ನಡಕ ತೆಗೆದಿಡುತ್ತಾ. “ಯಾಕೆ ಸಾಕು, ಹೇಳು ನೋಡೋಣ.”

ಟೇಪಮ್ಮ ತಾನೇ ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದಳು. ಏನನ್ನೂ ಬಾಯಿಪಾಠ ಮಾಡಿಕೊಂಡು ಬಂದಿರಲಿಲ್ಲ.