ಮೈನಸ್ ಹನ್ನೊಂದು

“ಶ್!” ಎಂದು ಅನಂತರಾಮ ಬೆರಳೆತ್ತಿದರು.

ಕಾಫಿ ಲೋಟ ಕೆಳಗಿಡಲು ಬಗ್ಗಿದ್ದ ಹೃಷಿಕೇಶ್ ಹಾಗೆಯೇ ನಿಂತ. ಲ್ಯಾಪ್‌ಟಾಪಿಗೆ ಜೋಡಿಸಿದ ಹೊಸ ಸ್ಪೀಕರುಗಳಲ್ಲಿ ಹಾಡು ಮುಗಿದು ಚಪ್ಪಾಳೆ ಏಳುತ್ತಿತ್ತು. ಹಿರಿಯರು ಕಣ್ಣು ಮುಚ್ಚಿ, ಕತ್ತು ಮುಂದೆ ಚಾಚಿ, ಬಾಗಿಲಾಚೆ ಯಾರದೋ ಹೆಜ್ಜೆ ಕೇಳಿಸಿತೆಂಬಂತೆ ಕಾದರು. ಚಪ್ಪಾಳೆ ಕತ್ತರಿಸಿದ ಹಾಗೆ ನಿಂತಿತು. ಮರುಗಳಿಗೆಗೆ ಮುಂದಿನ ಹಾಡು ಶುರುವಾಯಿತು.

“ಮಧ್ಯದ್ದು ಎಲ್ಲೋ?”

“ಯಾವ ಮಧ್ಯದ್ದು ಅಂಕಲ್?”

“ಲೀಲಾ ಮಾತಾಡ್ತಾಳಲ್ಲೋ! ಹಳೇ ಪ್ಲೇಯರಿನಲ್ಲಿ ಅಂಕಿ ಹಿಂದಕ್ಕೆ ಎಣಿಸತ್ತೆ ನೋಡು, ಮೈನಸ್ ಹನ್ನೊಂದು, ಹತ್ತು, ಒಂಬತ್ತು... ಅದು ಸೊನ್ನೆಗೆ ಬರೋಷ್ಟರಲ್ಲಿ ಏನಾದರೂ ಒಂದು ಅಂದಿರ್ತಾಳೆ.”

“ಸಾಫ್ಟ್‌ವೇರ್ ಒಂದೊಂದ್ಸಲ ಬಿಟ್ಟುಬಿಡತ್ತೆ ಅಂಕಲ್,” ಎಂದ ಹೃಷಿಕೇಶ್. ಲೋಟ ಬೆರಳು ಸುಡುತ್ತಿತ್ತು. ಅವನು ಅದನ್ನು ಕೆಳಗಿಡಲಿಲ್ಲ.

ಹೇಳಿದ್ದು ಸುಳ್ಳು. ಸಾಫ್ಟ್‌ವೇರ್ ಅವನನ್ನು ಕೇಳಿಕೊಂಡೇ ಅದನ್ನು ಬಿಟ್ಟಿತ್ತು.

ನಾಲ್ಕು ತಿಂಗಳ ಹಿಂದೆ ಇದೇ ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಇದೇ ಬೆತ್ತದ ಕುರ್ಚಿಯ ಮೇಲೆ ಕೂತು ಅವನು ಒಂದು ಹಾಳೆಯಲ್ಲಿ ಮೂರು ಸಾಫ್ಟ್‌ವೇರುಗಳ ಗುಣದೋಷ ಬರೆದು ತೋರಿಸಿದ್ದ. ಅನಂತರಾಮರಿಗೆ ಮಾರ್ಚಿನಲ್ಲಿ ನಿವೃತ್ತಿ. ಮನೆ ಖಾಲಿ ಮಾಡಬೇಕು. ಹೆಂಡತಿ ಲೀಲಾ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ದೆಹಲಿಯ ಸಣ್ಣ ಸಣ್ಣ ಸಭೆಗಳಲ್ಲಿ ಆಕೆ ಇಪ್ಪತ್ತು ವರ್ಷ ಹಾಡಿದ್ದನ್ನು ಧ್ವನಿಮುದ್ರಣದ ಗೋಪಿನಾಥ ಮೂವತ್ತೊಂದು ಸಿ.ಡಿ.ಗಳಿಗೆ ಇಳಿಸಿಕೊಟ್ಟಿದ್ದರು. ಅವನ್ನೆಲ್ಲ ಕಂಪ್ಯೂಟರಿಗೆ ತುಂಬಿಸುವ ಕೆಲಸವನ್ನು ಹೌಜ್ ಖಾಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹೃಷಿಕೇಶ್ ತಾನಾಗಿ ಮೈಮೇಲೆ ಎಳೆದುಕೊಂಡಿದ್ದ. ದೆಹಲಿಗೆ ಬಂದ ಮೊದಲ ವರ್ಷ ಪ್ರತಿ ಭಾನುವಾರ ಈ ಮನೆಯಲ್ಲಿ ಸಾರು ಉಂಡಿದ್ದನಲ್ಲ.

“ಎಂಪಿ3 ಬೇಡ ಅಂಕಲ್. ಅದು ಹಾಲಿಗೆ ನೀರು ಬೆರೆಸಿದ ಹಾಗೆ. ಲಾಸ್‌ಲೆಸ್ ಮಾಡೋಣ. ಒಂದು ಹನಿಯೂ ಚೆಲ್ಲಲ್ಲ.”

ಮೊದಲನೆಯ ಸಾಫ್ಟ್‌ವೇರ್ ಕಂಪ್ಯೂಟರಿನ ಜೊತೆಗೇ ಬಂದದ್ದು, ಚುರುಕು, ಆದರೆ ಗೀರುಬಿದ್ದ ಕಡೆ ತೋಚಿದ್ದು ತುಂಬಿಸಿ ಸುಮ್ಮನಾಗುತ್ತಿತ್ತು. ಎರಡನೆಯದಕ್ಕೆ ದುಡ್ಡು. ಮೂರನೆಯದು ಆಮೆ, ಪ್ರತಿ ತುಣುಕನ್ನೂ ಎರಡು ಸಲ ಓದಿ, ಎರಡೂ ತಾಳೆಯಾದರೆ ಮಾತ್ರ ಮುಂದಕ್ಕೆ ಹೋಗುತ್ತಿತ್ತು. ಹೃಷಿಕೇಶ್ ಹೆಮ್ಮೆಯಿಂದ ಆಮೆಯನ್ನೇ ಆರಿಸಿದ. ಶುರುವಿನಲ್ಲಿ ಅದು ಒಂದು ಪ್ರಶ್ನೆ ಕೇಳಿತು: ಹಾಡುಗಳ ನಡುವಿನ ಬಿಡುವನ್ನು ಹಿಂದಿನ ಹಾಡಿಗೆ ಅಂಟಿಸಲೇ, ಕೈಬಿಡಲೇ? ಬಿಡುವಿನಲ್ಲಿ ಏನಿದ್ದೀತು ಎಂದುಕೊಂಡು ಅವನು ಕೈಬಿಡು ಎಂದ.

ಹನ್ನೆರಡನೆಯ ಸಿ.ಡಿ.ಯ ಹೊತ್ತಿಗೆ, ಹಾಸ್ಟೆಲಿನ ಕೋಣೆಯಲ್ಲಿ ಬೇಸರಕ್ಕೆ ಮೂಲವನ್ನೇ ಹಾಕಿ ಕೇಳಿದಾಗ, ಬಿಡುವಿನಲ್ಲಿ ಲೀಲಾ ಆಂಟಿ ಇದ್ದರು. ಕೇಳುಗರಿಗೆ ಹಾಡಿನ ಸಂಖ್ಯೆ ಒತ್ತಿದ ಕೂಡಲೆ ಹಾಡೇ ಸಿಗಲಿ ಎಂದು ಗೋಪಿನಾಥರು ಸಿ.ಡಿ.ಯಲ್ಲಿ ಹಾಡು ಶುರುವಾಗುವ ಗುರುತುಗಳನ್ನು ಸರಿಯಾಗಿ ಹಾಡಿನ ಬುಡಕ್ಕೆ ಇಟ್ಟಿದ್ದರು. ಮಾತೆಲ್ಲ ಗುರುತಿಗೆ ಮುಂಚೆ ಉಳಿದಿತ್ತು. ಹಿಂದಿನ ಹನ್ನೊಂದನ್ನೂ ಮತ್ತೆ ಮಾಡಬೇಕು, ಒಂದೊಂದಕ್ಕೆ ಮುಕ್ಕಾಲು ಗಂಟೆ. ಅದೇ ವಾರ ಗೈಡಿಗೆ ಅಧ್ಯಾಯ ಒಪ್ಪಿಸಬೇಕಿತ್ತು. ಮುದುಕರಿಗೆ ಬೇಕಾಗಿರುವುದು ಹಾಡು ತಾನೇ ಎಂದು ಅವನು ತನಗೆ ತಾನೇ ಹೇಳಿಕೊಂಡು ಉಳಿದವನ್ನೂ ಹಾಗೆಯೇ ಮುಗಿಸಿದ.

“ಎಲ್ಲಾ ಬಂತಾ?” ಎಂದು ಆವತ್ತು ಅನಂತರಾಮ ಕೇಳಿದ್ದರು.

“ಎಲ್ಲಾ ಬಂತು. ಇನ್ನು ಸಿ.ಡಿ. ಇದ್ದರೂ ಒಂದೇ, ಬಿಟ್ಟರೂ ಒಂದೇ.”

ಆ ಮಾತು ನಂಬಿ ಅವರು ಮೊದಲ ವರ್ಷದ ತಿಥಿಯ ದಿನ ಲೀಲಾಳ ಶಿಷ್ಯೆಯರನ್ನು ಕರೆದು, ಎಲೆ ಅಡಿಕೆ ಇಟ್ಟು, ಒಂದು ಉದ್ಧರಣೆ ನೀರು ಬಿಟ್ಟು, ಮೂವತ್ತೊಂದನ್ನೂ ದಾನ ಕೊಟ್ಟಿದ್ದರು. ಹೃಷಿಕೇಶ್ ಅಲ್ಲೇ ನಿಂತು ತಟ್ಟೆ ಹಿಡಿದಿದ್ದ.

ಲೀಲಾಳ ಮಾತು ಎಲ್ಲಿ ಎಂದು ಅನಂತರಾಮ ಕೇಳಿದ ಮರುಶನಿವಾರ, ಮೂಲವನ್ನೇ ತಂದು ನೋಡುತ್ತೇನೆಂದು ಅವರಿಗೆ ಹೇಳಿ, ಅವನು ಪೀತಮ್‌ಪುರಕ್ಕೆ ಹೋದ. ಹನ್ನೆರಡನೆಯದು ಆ ಶಿಷ್ಯೆಯರಲ್ಲೊಬ್ಬಳಾದ ಧಾರಿಣಿಯ ಪಾಲಿಗೆ ಬಂದಿತ್ತು. ಕಾಲೇಜಿಗೆ ಹೋಗುವ, ದೆಹಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಸಿ.ಡಿ.ಯನ್ನು ದೇವರ ಗೂಡಿನಲ್ಲಿಟ್ಟಿದ್ದಳು. ಕವರಿನ ಮೇಲೆ ಕುಂಕುಮ.

“ಅಚ್ಛಾ? ಲಾಸ್‌ಲೆಸ್ ಲಾಸ್‌ಲೆಸ್ ಅಂತ ಅಷ್ಟು ಲೆಕ್ಚರ್ ಕೊಟ್ರಲ್ಲ ಭಯ್ಯಾ, ಏನು ಲಾಸ್ ಆಯ್ತು?”

“ಒಂದು ಕಡೆ ಸ್ವಲ್ಪ ಚೆಕ್ ಮಾಡ್ಬೇಕು.”

“ಚಲೋ, ತಗೊಳ್ಳಿ. ಸಂಡೇ ತಕ್ ವಾಪಸ್, ಹಾಂ? ಅಮ್ಮ ದಿನಾ ಇದಕ್ಕೆ ನಮಸ್ಕಾರ ಮಾಡ್ತಾಳೆ.”

ಬಸ್ಸಿನಲ್ಲಿ ಅವನು ಅದನ್ನು ಎದೆಗವಚಿಕೊಂಡು ಕೂತ. ಪಕ್ಕದವನು ಒಳಗೆ ಗಾಜಿದೆಯೇ ಎಂದು ಕೇಳಿದ.

ಅನಂತರಾಮ ಹಳೆಯ ಪ್ಲೇಯರನ್ನು ಕಟ್ಟಿಟ್ಟಿದ್ದ ರಟ್ಟಿನ ಡಬ್ಬಿಯಿಂದ ಹೊರಗೆ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಪ್ಲಗ್ ಚುಚ್ಚಿಯೇ ಕಾದಿದ್ದರು. ಸಿ.ಡಿ. ಮೇಲಿನ ಗೋಪಿನಾಥರ ಅಕ್ಷರ ನೋಡಿ ಅವರ ಮುಖ ಅರಳಿತು.

“ಹನ್ನೆರಡು! ಆರ್.ಕೆ. ಪುರಂ ಕಚೇರಿ. ಮುಂದಿನ ಸಾಲಲ್ಲಿ ಕೂತು ತೂಕಡಿಸಿದ್ದೆ ಕಣೋ. ಜನ ಎಲ್ಲಾ ನಕ್ಕಿದ್ರು.” ಪ್ಲೇಯರಿನ ತಟ್ಟೆ ಹೊರಗೆ ಬಂತು. ಅವರು ಸಿ.ಡಿ.ಯನ್ನು ಅಂಚು ಹಿಡಿದು ಎತ್ತಿದರು. “ನೀನು ಪೀತಮ್‌ಪುರದವರೆಗೂ ಯಾಕೆ ಅಲೆದೆ ಮಾರಾಯ. ಪಾಪ, ಆ ಸಾಫ್ಟ್‌ವೇರಿಗೇನು ಗೊತ್ತಾಗಬೇಕು.”

ಅವರು ಬೈದಿದ್ದರೆ ಹೃಷಿಕೇಶ್ ಸುಮ್ಮನಿರುತ್ತಿದ್ದನೇನೋ.

“ಸಾಫ್ಟ್‌ವೇರಿನ ತಪ್ಪಲ್ಲ ಅಂಕಲ್. ಅದು ಕೇಳಿತ್ತು. ನಾನೇ ಬೇಡ ಅಂದೆ. ಆಮೇಲೆ ಇದರಲ್ಲಿ ಆಂಟಿ ಮಾತಾಡಿದ್ದೂ ಕೇಳಿಸ್ಕೊಂಡೆ. ಮತ್ತೆ ಮಾಡೋಕೆ ಬೇಜಾರಾಗಿ ಬಿಟ್ಟೆ.”

ಅನಂತರಾಮರ ಕೈ ತಟ್ಟೆಯ ಮೇಲೆ ನಿಂತಿತು.

“ಯಾವಾಗ ಕೇಳಿಸ್ಕೊಂಡಿದ್ದು?”

“ತಿಥಿಗೆ ಎರಡು ವಾರ ಮುಂಚೆ.”

“ಅಂದ್ರೆ ಸಿ.ಡಿ. ಎಲ್ಲಾ ಇನ್ನೂ ನಮ್ಮ ಹತ್ರಾನೇ ಇದ್ದಾಗ.”

“ಹೌದು.”

ಹೊರಗೆ ತರಕಾರಿಯವನು ಗಾಜರ್, ಮಟರ್ ಎಂದು ಕೂಗುತ್ತ ಬೇವಿನ ಮರದಡಿ ಗಾಡಿ ನಿಲ್ಲಿಸಿದ. ಯಾರೋ ಮಹಡಿಯಿಂದ ಬುಟ್ಟಿ ಇಳಿಬಿಟ್ಟರು.

“ಏನಂತಾಳೆ?” ಎಂದರು ಅನಂತರಾಮ, ಅವನ ಕಡೆ ನೋಡದೆ.

“‘ರೀ, ಎದ್ದಿದ್ದೀರಾ?’ ಅಂತಾರೆ. ಆಮೇಲೆ ನಗ್ತಾರೆ.”

ಅವರು ಸಿ.ಡಿ.ಯನ್ನು ಕವರಿನೊಳಗೆ ಸೇರಿಸಿದರು. ಕುಂಕುಮ ಹೆಬ್ಬೆರಳಿಗೆ ಅಂಟಿತು. ಗುಂಡಿ ಒತ್ತಿದರು, ಖಾಲಿ ತಟ್ಟೆ ಒಳಗೆ ಹೋಯಿತು.

“ಅಂಕಲ್, ಎಲ್ಲರ ಮನೆಗೂ ಹೋಗ್ತೀನಿ. ಮೂವತ್ತೊಂದನ್ನೂ ತಂದು ಮತ್ತೆ ಮಾಡಿಕೊಡ್ತೀನಿ, ಹೋಳಿ ಒಳಗೆ. ಈಗ ಇದೊಂದನ್ನಾದ್ರೂ ಕೇಳಿ. ಹನ್ನೊಂದು ಸೆಕೆಂಡು.”

ಅನಂತರಾಮ ಕವರನ್ನು ಅವನ ಕೈಗೆ ವಾಪಸಿಟ್ಟರು.

“ಬೇಡ,” ಎಂದರು.